ಬಾವಿಯ ಮೀನು, ಮನೆಯ ಜ್ವರ

ಸೇಲಂ ಊರಿನ ಚೌಡಮ್ಮನ ಗುಡಿ ಬೀದಿಯಲ್ಲಿ ಹೊತ್ತು ಮುಳುಗಿತೆಂದರೆ ಮಗ್ಗದ ಸದ್ದು ಅಡಗಿ ಸೊಳ್ಳೆಯ ಸದ್ದು ಏಳುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತಿದು. ಬೀದಿ ತುಂಬ ಕನ್ನಡ ಮಾತಾಡುವ ನೇಕಾರರ ಮನೆಗಳು. ಮನೆಮನೆಯಲ್ಲೂ ನೆಲ ತೋಡಿ, ಕಾಲು ಇಳಿಬಿಟ್ಟು ಕೂರುವ ಗುಂಡಿಮಗ್ಗ. ಗುಂಡಿಯೊಳಗೆ ತಂಪು, ಕತ್ತಲು. ಸೊಳ್ಳೆಗೆ ಅದಕ್ಕಿಂತ ಸುಖದ ಜಾಗ ಬೇರೆ ಬೇಕೆ?

ಚಳಿಜ್ವರ ಬಾರದ ಮನೆಯೇ ಇರಲಿಲ್ಲ. ಒಂದು ದಿನ ಗಡಗಡ ನಡುಗಿಸುವುದು, ಮಾರನೆಯ ದಿನ ಸುಮ್ಮನಿರುವುದು, ಅದರ ಮಾರನೆಯ ದಿನ ಮತ್ತೆ ಬರುವುದು. ಜನ ಅದನ್ನು ನೆಂಟರ ಹಾಗೆ ಕಾಣುತ್ತಿದ್ದರು. ಬರುತ್ತದೆ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ ಎಂದುಕೊಂಡು ಕಂಬಳಿ ಹೊದ್ದು ಮಲಗುತ್ತಿದ್ದರು.

ಆ ಬೀದಿಯ ಸಿಹಿನೀರಿನ ಬಾವಿ ಸೊಣ್ಣಮ್ಮನ ಹಿತ್ತಲಲ್ಲಿತ್ತು. ಸೊಣ್ಣಮ್ಮನಿಗೆ ಗಂಡನಿಲ್ಲ. ಮಗ ಗೋವಿಂದರಾಜು ಮಗ್ಗ ನಡೆಸುತ್ತಿದ್ದ. ಸೊಸೆ ಸಂಗೀತಾ ಓಮಲೂರು ಕಡೆಯ ಹುಡುಗಿ, ಬಂದು ವರ್ಷ ತುಂಬಿರಲಿಲ್ಲ. ಗುಡಿಯ ಅಮ್ಮನ ಅಭಿಷೇಕಕ್ಕೂ ಅದೇ ಬಾವಿಯ ನೀರು ಹೋಗುತ್ತಿದ್ದುದರಿಂದ ಸೊಣ್ಣಮ್ಮನಿಗೆ ಆ ಬಾವಿಯೆಂದರೆ ಮೈಯೆಲ್ಲ ಕಣ್ಣು. ಕಾಲು ತೊಳೆಯದೆ ಯಾರೂ ಬಾವಿಕಟ್ಟೆ ಹತ್ತುವಂತಿರಲಿಲ್ಲ.

ಒಂದು ದಿನ ಸೊಣ್ಣಮ್ಮನ ತಮ್ಮ ನಾರಾಯಣಪ್ಪ ಬಂದ. ಅವನು ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಜೊತೆಯಲ್ಲಿ ಇಬ್ಬರಿದ್ದರು. ಒಬ್ಬಳು ಜಯಪ್ರಿಯಾ, ಜ್ವರ ಬಂದವರ ಬೆರಳಿನಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ಆರೋಗ್ಯ ಕಾರ್ಯಕರ್ತೆ. ಇನ್ನೊಬ್ಬ ಪೆರುಮಾಳ್, ಮೆಟ್ಟೂರು ಕಡೆ ಮೀನುಮರಿ ಸಾಕುವವನು. ಅವನ ಕೈಯಲ್ಲಿ ನೀರು ತುಂಬಿದ ಬಿಂದಿಗೆ, ಅದರೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೀನುಗಳು ಓಡಾಡುತ್ತಿದ್ದವು.

ಡಾಕ್ಟರುಗಳು, ಮೀನಿನವರು, ಲೆಕ್ಕದವರು ಸೇರಿ ಒಂದು ಸಂಶೋಧನೆ ಮಾಡುತ್ತಿದ್ದಾರೆ ಎಂದ ನಾರಾಯಣಪ್ಪ. ಬಾವಿಗೆ ಈ ಮೀನು ಬಿಟ್ಟರೆ ಸೊಳ್ಳೆಯ ಮರಿ ತಿನ್ನುತ್ತದೆ. ಮರಿಯೇ ಇಲ್ಲದಿದ್ದರೆ ಸೊಳ್ಳೆ ಎಲ್ಲಿಂದ, ಸೊಳ್ಳೆ ಇಲ್ಲದಿದ್ದರೆ ಮಲೇರಿಯ ಎಲ್ಲಿಂದ? ಹೇಳುವುದು ಸುಲಭ, ನಿಜವಾಗಿ ಜ್ವರ ಇಳಿಯುತ್ತದೆಯೇ ಎಂದು ನೋಡಬೇಕು.

ಸೊಣ್ಣಮ್ಮ ಬಿಂದಿಗೆಗೆ ಇಣುಕಿ ಮೂಗು ಮುರಿದಳು. "ಜ್ವರ ಡಾಕ್ಟ್ರುದು, ಮೀನು ಮೀನಿನೋರ್ದು. ಲೆಕ್ಕದ ಮೇಷ್ಟ್ರಿಗೆ ಇಲ್ಲೇನ್ಲಾ ಕೆಲ್ಸ?"

"ಜ್ವರ ಕಮ್ಮಿ ಆದಂಗೆ ಕಾಣ್ಸೋದು ಬೇರೆ ಅಕ್ಕ, ಕಮ್ಮಿ ಆಗೋದು ಬೇರೆ. ಯಾವ್ದು ಯಾವ್ದು ಅಂತ ನೋಡೋದೇ ನನ್ನ ಕೆಲ್ಸ," ಎಂದ ನಾರಾಯಣಪ್ಪ.

ಗುಡಿಯ ಮಂಟಪದಲ್ಲಿ ಎಲ್ಲರೆದುರು ಚೀಟಿ ಎತ್ತಿದರು. ಕೆಲವು ಬೀದಿಗೆ ಮೀನು ಬಿತ್ತು, ಕೆಲವಕ್ಕೆ ಬೀಳಲಿಲ್ಲ. ಮೀನು ಬೀಳದ ಬೀದಿಗೂ ಜಯಪ್ರಿಯಾ ವಾರವಾರ ಬರುತ್ತಾಳೆ, ಜ್ವರ ಬಂದರೆ ಅದೇ ಮಾತ್ರೆ ಕೊಡುತ್ತಾಳೆ. ಮೀನಿನಿಂದ ಗುಣ ಕಂಡರೆ ಮುಂದಿನ ವರ್ಷ ಅವರಿಗೂ ಮೀನು. ಹಾಗೆಂದು ಮೊದಲೇ ಮಾತಾಗಿತ್ತು. ಚೌಡಮ್ಮನ ಗುಡಿ ಬೀದಿಗೆ ಮೀನು ಬಿತ್ತು. ಪಕ್ಕದ ಬೀದಿಗೆ ಬೀಳಲಿಲ್ಲ.

ಸೊಣ್ಣಮ್ಮನಿಗೆ ಇದು ಸರಿಬರಲಿಲ್ಲ. ಅಮ್ಮನ ಅಭಿಷೇಕದ ನೀರಿಗೆ ಮೀನು ಬಿಡುವುದೆಂದರೇನು? ಅದು ಅಲ್ಲೇ ತಿಂದು ಅಲ್ಲೇ ಹೇಲುವುದಿಲ್ಲವೇ? ಪಕ್ಕದ ಬೀದಿಯ ಪೊನ್ನಮ್ಮ ಬೇರೆ, ನಮ್ಮ ಬಾವಿಗೆ ಬಿಡಿ ಎಂದು ಎಲ್ಲರೆದುರು ಕೇಳಿದ್ದಳು. ಸೊಣ್ಣಮ್ಮ ತಮ್ಮನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟು, ಚೀಟಿ ಬದಲಾಯಿಸಿಬಿಡು ಎಂದಳು. ಬೇಕು ಅನ್ನುವವರಿಗೆ ಕೊಟ್ಟು ಬೇಡ ಅನ್ನುವವರನ್ನು ಬಿಟ್ಟರೆ ಇಬ್ಬರಿಗೂ ಸಂತೋಷ, ಅದರಲ್ಲೇನು ತಪ್ಪು?

ನಾರಾಯಣಪ್ಪ ತಕ್ಷಣ ಬೇಡವೆನ್ನಲಿಲ್ಲ. ಬೇರೇನೋ ಕೇಳಿದ.

"ಅಕ್ಕ, ಭಾವ ಇದ್ದಾಗ ಒಂದ್ಸಲ ನೂಲಿಗೆ ಹೊಸಾ ಗಂಜಿ ಆಕಿ ನೋಡಿದ್ರಲ್ಲ, ಗ್ಯಾಪ್ಕ ಐತಾ? ಆ ಹೊಸಾ ಗಂಜಿ ನೂಲ್ನ ಭಾವ ನೇಯ್ದು, ಹಳೇ ಗಂಜಿ ನೂಲ್ನ ಈಗ್ತಾನೆ ಕಲಿಯೋನು ಯಾವನೋ ನೇಯ್ದಿದ್ರೆ?"

"ಗಂಜಿ ಎಂಗಾದ್ರೂ ಇರ್ಲಿ, ನಿಮ್ಮ ಭಾವನ ಸೀರೆನೇ ಚಂದಾಗಿರ್ತಿತ್ತು."

"ಆಗ ಹೊಸಾ ಗಂಜಿ ಒಳ್ಳೇದು ಅಂತ ಏಳೋಕಾಗುತ್ತಾ?"

"ಇಲ್ಲ. ಕೈ ಒಳ್ಳೇದು ಅನ್ಬೇಕು."

"ಅಷ್ಟೇ ಅಕ್ಕ. ಪೊನ್ನಮ್ಮೋರ ಬೀದೀಲಿ ಡ್ರಂಗೆಲ್ಲ ಮುಚ್ಚಳ ಐತೆ, ಸೊಳ್ಳೆಪರದೆ ಕಟ್ತಾರೆ. ಅಲ್ಲಿಗೆ ಮೀನು ಬಿಟ್ಟು ಜ್ವರ ಕಮ್ಮಿ ಆದ್ರೆ ಮೀನಿಂದ ಆಯ್ತೋ ಮುಚ್ಚಳದಿಂದ ಆಯ್ತೋ ಯಾರಿಗ್ಗೊತ್ತು? ಅದ್ಕೇ ಚೀಟಿ. ಚೀಟಿಗೆ ಯಾರ ಮೇಲೂ ಪ್ರೀತಿ ಇಲ್ಲ, ದ್ವೇಷನೂ ಇಲ್ಲ."

ಗಂಜಿಯ ಮಾತು ಸೊಣ್ಣಮ್ಮನಿಗೆ ನೇರವಾಗಿ ನಾಟಿತು. ಆದರೂ ಬಾವಿಯ ಮಡಿ ಉಳಿದಿತ್ತಲ್ಲ. ಆಗ ಪೆರುಮಾಳ್ ಹಿತ್ತಲಿನಿಂದ ಒಂದು ಗಾಜಿನ ಲೋಟ ತಂದ. ಬಾವಿಯಿಂದ ಆಗತಾನೆ ಸೇದಿದ ನೀರು ಅದರಲ್ಲಿತ್ತು. ಬೆಳಕಿಗೆ ಹಿಡಿದರೆ ಕಣ್ಣಿಗೆ ಕಾಣುವಷ್ಟು ಸೊಳ್ಳೆಮರಿಯ ಹುಳುಗಳು ಕೊಂಕಿ ಕೊಂಕಿ ಈಜುತ್ತಿದ್ದವು. ಇವತ್ತಿನವರೆಗೂ ಅಮ್ಮನಿಗೆ ಎರೆದದ್ದು ಇದೇ ನೀರು ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಂದು ಮೀನನ್ನು ಲೋಟಕ್ಕೆ ಬಿಟ್ಟ. ಸೊಣ್ಣಮ್ಮನ ಕಾಫಿ ಆರುವಷ್ಟರಲ್ಲಿ ಲೋಟದಲ್ಲಿ ಮೀನೊಂದೇ ಉಳಿದಿತ್ತು.

"ಬಿಡ್ಲಿ," ಎಂದಳು ಸೊಣ್ಣಮ್ಮ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿಕೊಳ್ಳಿ, ಅದು ಮೀನಿದ್ದರೂ ಇಲ್ಲದಿದ್ದರೂ ಒಳ್ಳೆಯದು ಎಂದು ಜಯಪ್ರಿಯಾ ಹೇಳಿ ಹೋದಳು.

ಮಳೆಗಾಲ ಬಂತು, ಹೋಯಿತು. ಬೀದಿಯಲ್ಲಿ ಸೊಳ್ಳೆ ಕಡಿಮೆಯಾದದ್ದು ಗುಂಡಿಯಲ್ಲಿ ಕಾಲಿಟ್ಟವರಿಗೆಲ್ಲ ಗೊತ್ತಾಯಿತು. ಗೋವಿಂದರಾಜು ಆ ವರ್ಷ ಒಂದು ಸಲವೂ ಜ್ವರ ಬಂದು ಮಲಗಲಿಲ್ಲ. ಸೊಣ್ಣಮ್ಮ ಬೆಳಗ್ಗೆ ಎದ್ದರೆ ಮೊದಲು ಬಾವಿಗೆ ಇಣುಕುವಳು. ಮೀನು ಮರಿ ಹಾಕಿ ಹೆಚ್ಚಿದ್ದವು. ನೀರಿಗೆ ಬಂದ ಹೆಂಗಸರಿಗೆಲ್ಲ ತೋರಿಸಿ, ನನ್ನ ತಮ್ಮ ತಂದದ್ದು ಎನ್ನುವಳು. ಈ ಸಂಶೋಧನೆ ಗೆದ್ದರೆ ಜಿಲ್ಲೆಯ ಬಾವಿಗಳಿಗೆಲ್ಲ ಮೀನು ಬಿಡುತ್ತಾರಂತೆ, ನಾರಾಯಣನಿಗೆ ದೊಡ್ಡ ಹೆಸರು ಬರುತ್ತದಂತೆ ಎಂದು ತಾನೇ ಸುದ್ದಿ ಹಬ್ಬಿಸಿದಳು. ಮೊದಲು ಬೇಡವೆಂದವಳೇ ಈಗ ಮೀನಿನ ವಕೀಲೆಯಾಗಿದ್ದಳು. ಬಾವಿಯಲ್ಲಿ ಕಾವಲು ಇದೆಯೆಂಬ ಧೈರ್ಯಕ್ಕೆ ಹಿತ್ತಲಿನ ಕಲ್ಲುತೊಟ್ಟಿಯನ್ನು ಉಜ್ಜುವುದನ್ನೂ ಬಿಟ್ಟಿದ್ದಳು.

ಸಂಗೀತಾ ಬಸುರಿಯಾದಳು. ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವ ಹಾಗೆ ನಡುಗಿ, ಆಮೇಲೆ ಮೈ ಕೆಂಡವಾಗಿ, ಕೊನೆಗೆ ಬೆವರಿ ಸುಸ್ತಾಗಿ ಮಲಗಿದಳು. ಸೊಣ್ಣಮ್ಮನಿಗೆ ಯಾವ ಜ್ವರವೆಂದು ಗೊತ್ತಾಗದೆ ಇರಲಿಲ್ಲ. ಮೀನಿರುವ ಮನೆಯಲ್ಲೇ ಜ್ವರವೆಂದರೆ ತಮ್ಮನ ಗತಿಯೇನು? ನೆಲಬೇವಿನ ಕಷಾಯ ಕಾಯಿಸಿ ಕುಡಿಸಿದಳು.

ಮಾರನೆಯ ದಿನ ಜಯಪ್ರಿಯಾ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಮನೆಯಲ್ಲಿ ಯಾರಿಗಾದರೂ ಕಾಯ್ಚಲ್, ಎಂದರೆ ಜ್ವರ, ಬಂದಿತ್ತಾ ಎಂದು ವಾಡಿಕೆಯಂತೆ ಕೇಳಿದಳು. ಸೊಣ್ಣಮ್ಮ ನಗುತ್ತಲೇ, ಯಾರಿಗೂ ಇಲ್ಲ ತಾಯಿ ಎಂದಳು. ಅವತ್ತು ಜ್ವರ ಬಿಟ್ಟ ದಿನ. ಸಂಗೀತಾ ಒಳಗೆ ಮಲಗಿದ್ದಳು, ಅತ್ತೆಯ ಮಾತಿಗೆ ಎದುರಾಡಲಿಲ್ಲ. ಜಯಪ್ರಿಯಾ ಮುಂದಿನ ಮನೆಗೆ ಹೋದಳು.

ಅದರ ಮಾರನೆಯ ದಿನ ಚಳಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಸಂಗೀತಾಳಿಗೆ ನೀರು ಕುಡಿದರೂ ವಾಂತಿ. ಎದ್ದು ಕೂರಲು ತ್ರಾಣವಿಲ್ಲ. "ಅತ್ತೆ, ಮಗೂಗೆ ಏನೂ ಆಗಲ್ವಾ?" ಎಂದು ಒಂದೇ ಮಾತು ಕೇಳಿದಳು. ಸೊಣ್ಣಮ್ಮ ಒದ್ದೆ ಬಟ್ಟೆ ಹಿಂಡಿ ಅವಳ ಹಣೆಗೆ ಹಾಕಿದಳು. ಗೋವಿಂದರಾಜು ಮಗ್ಗ ಬಿಟ್ಟೆದ್ದು, ತಾಯಿಯ ಮುಖವನ್ನೂ ನೋಡದೆ ಸೈಕಲ್ ಹತ್ತಿ ಸೋದರಮಾವನ ಕಾಲೇಜಿಗೆ ಹೋದ.

ನಾರಾಯಣಪ್ಪ ಜಯಪ್ರಿಯಾಳನ್ನು ಕರೆದುಕೊಂಡೇ ಬಂದ. ಅವಳು ಯಾರನ್ನೂ ಏನೂ ಕೇಳದೆ ಸಂಗೀತಾಳ ಬೆರಳು ಒರೆಸಿ, ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡಳು. "ಬಯಪ್ಪಡಾದೆಮ್ಮಾ," ಎಂದು ತಮಿಳಿನಲ್ಲಿ ಸಂಗೀತಾಳ ತಲೆ ಸವರಿದಳು. ಹೆದರಬೇಡ, ಬಸುರಿಯರಿಗೂ ಕೊಡಬಹುದಾದ ಮಾತ್ರೆಯಿದೆ, ಡಾಕ್ಟರ ಹತ್ತಿರ ಈಗಲೇ ಹೋಗೋಣ ಎಂದಳು. ಗೋವಿಂದರಾಜು ಆಟೋ ತಂದ. ಪರೀಕ್ಷೆಯಲ್ಲಿ ಮಲೇರಿಯವೆಂದೇ ಬಂತು. ಡಾಕ್ಟರು ಮಾತ್ರೆ ಕೊಟ್ಟು, ಇನ್ನೂ ತಡಮಾಡಿದ್ದರೆ ತಾಯಿಗೂ ಮಗುವಿಗೂ ಕಷ್ಟವಾಗುತ್ತಿತ್ತು ಎಂದರು.

ಆಟೋ ಹೊರಟ ಮೇಲೆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದಿದ್ದರು. ಹಿಂದಿನ ದಿನ ಅಕ್ಕ ಹೇಳಿದ ಮಾತನ್ನು ಜಯಪ್ರಿಯಾ ದಾರಿಯಲ್ಲೇ ಅವನಿಗೆ ತಿಳಿಸಿದ್ದಳು.

"ನಂಗೋಸ್ಕರ ಸುಳ್ಳು ಏಳ್ದೆಯಾ ಅಕ್ಕ?"

"ನಿನ್ನ ಮೀನಿಗೆ ಕೆಟ್ಟ ಎಸ್ರು ಬರ್ಬಾರ್ದು ಅಂತ ಏಳ್ದೆ ಕಣಪ್ಪ."

"ಮೀನು ನಂದಲ್ಲ. ಅದು ಗೆದ್ರೂ ಸರಿ, ಸೋತ್ರೂ ಸರಿ, ನಂಗೆ ನಿಜ ಬೇಕು. ನೀನು ಜ್ವರ ಇಲ್ಲ ಅಂದೆ. ಆ ಮಾತ್ನ ನಂಬಿ ನಾಳೆ ಮೊರಪ್ಪೂರಲ್ಲೋ ಧರ್ಮಪುರೀಲೋ ಬಾವಿಗೆ ಮೀನು ಬಿಟ್ಟು, ಇನ್ನೇನೂ ಬ್ಯಾಡ ಅಂತ ಕೂತ್ಕೋತಾರೆ. ಅಲ್ಲೂ ಒಬ್ಳು ಸಂಗೀತಾ ಇರ್ತಾಳಲ್ವಾ ಅಕ್ಕ?"

ಸೊಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಮ್ಮ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ.

ಸಂಗೀತಾಳನ್ನು ಮನೆಗೆ ಕರೆತಂದ ಮೇಲೆ ಜಯಪ್ರಿಯಾ ಮನೆಯ ಸುತ್ತ ಹುಡುಕಿದಳು. ಬಾವಿಯಲ್ಲಿ ಒಂದು ಹುಳವೂ ಇರಲಿಲ್ಲ. ಕಲ್ಲುತೊಟ್ಟಿಯ ನೀರನ್ನು ಬಿಳಿ ಬಟ್ಟಲಲ್ಲಿ ಮೊಗೆದಳು. ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು.

"ಬಾವಿಯ ಮೀನು ತೊಟ್ಟಿಗೆ ಎಂಗೆ ಬರುತ್ತೆ ಅಮ್ಮಾ?" ಎಂದಳು ಜಯಪ್ರಿಯಾ, ತನಗೆ ಬರುವಷ್ಟು ಕನ್ನಡದಲ್ಲಿ. "ತೊಟ್ಟಿಗೆ ನೀವೇ ಕಾವಲು."

ಸೊಣ್ಣಮ್ಮ ಆಗಲೇ ಸೀರೆ ಎತ್ತಿ ಕಟ್ಟಿ ತೊಟ್ಟಿಯ ನೀರನ್ನೆಲ್ಲ ಚೆಲ್ಲಿದಳು. ತೆಂಗಿನ ನಾರು ಹಿಡಿದು ಒಳಗೆಲ್ಲ ಉಜ್ಜಿ ಬಿಸಿಲಿಗೆ ಒಣಗಲು ಬಿಟ್ಟಳು. ಆಮೇಲೆ ಕೈ ಒರೆಸಿಕೊಂಡು ನೇರ ಬೀದಿಗಿಳಿದಳು. ಮೀನಿನ ಮೇಲೆ ಮಾತು ಬರಬಾರದೆಂದು ಜ್ವರ ಮುಚ್ಚಿಟ್ಟವಳು ತಾನೊಬ್ಬಳೇ ಅಲ್ಲವೆಂದು ಅವಳಿಗೆ ಅನುಮಾನವಿತ್ತು. ತನ್ನ ಬಡಾಯಿ ಕೇಳಿಯೇ ಉಳಿದವರೂ ಬಾಯಿ ಮುಚ್ಚಿಕೊಂಡಿರಬಹುದು. ಮನೆಮನೆಗೂ ಹೋಗಿ, ನಮ್ಮ ಮನೆಯಲ್ಲೇ ಜ್ವರ ಬಂತು, ನಾನೇ ಇಲ್ಲವೆಂದೆ, ನೀವು ಹಾಗೆ ಮಾಡಬೇಡಿ ಎಂದಳು. ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಒಂದು ಮನೆಯಲ್ಲಿ ಅಜ್ಜಿಗೆ, ಇನ್ನೊಂದರಲ್ಲಿ ಅಳಿಯನಿಗೆ. ಎಲ್ಲರ ರಕ್ತವನ್ನೂ ಜಯಪ್ರಿಯಾ ತೆಗೆದುಕೊಂಡಳು, ಎಲ್ಲರಿಗೂ ಮಾತ್ರೆ ಸಿಕ್ಕಿತು. ತೊಟ್ಟಿ, ಡ್ರಂಗಳಲ್ಲಿ ಹುಳ ಇದ್ದದ್ದೂ ಬೆಳಕಿಗೆ ಬಂತು.

ವರ್ಷದ ಕೊನೆಗೆ ಗುಡಿಯ ಮಂಟಪದಲ್ಲಿ ಮತ್ತೆ ಜನ ಸೇರಿದರು. ನಾರಾಯಣಪ್ಪ ಉಬ್ಬಿಸಿ ಹೇಳಲಿಲ್ಲ. ಮೀನು ಬಿಟ್ಟ ಬೀದಿಗಳಲ್ಲಿ ಜ್ವರ ಕಡಿಮೆಯಾಗಿದೆ, ಆದರೆ ನಾವು ಆಸೆಪಟ್ಟಷ್ಟು ಆಗಿಲ್ಲ ಎಂದ. ಮೀನು ಬಿಟ್ಟು ತೊಟ್ಟಿಯನ್ನೂ ಉಜ್ಜಿದ ಮನೆಗಳಲ್ಲಿ ಇನ್ನೂ ಕಡಿಮೆ ಇದ್ದಂತೆ ಕಾಣುತ್ತದೆ, ಅದನ್ನು ಮುಂದಿನ ವರ್ಷ ಸರಿಯಾಗಿ ನೋಡಬೇಕು ಎಂದ. ಇಷ್ಟು ತಿಳಿದದ್ದು ಈ ಬೀದಿಯವರು ನಿಜ ಹೇಳಿದ್ದರಿಂದ ಎಂದು ಸೇರಿಸಿದ. ಅಕ್ಕನ ಹೆಸರು ಹೇಳಲಿಲ್ಲ, ಅವಳ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದ. ಕಂಬಕ್ಕೆ ಒರಗಿ ಕೂತಿದ್ದ ಸೊಣ್ಣಮ್ಮನಿಗೆ ಅಷ್ಟೇ ಸಾಕಾಯಿತು. ಪೊನ್ನಮ್ಮ ಅವತ್ತೇ ಬಿಂದಿಗೆ ಹಿಡಿದು ಬಂದಿದ್ದಳು. ಸೊಣ್ಣಮ್ಮ ತಾನೇ ಬಾವಿಯಿಂದ ಮೀನು ಹಿಡಿದು ಕೊಟ್ಟಳು, ತೊಟ್ಟಿ ಒಣಗಿಸುವ ಬುದ್ಧಿಮಾತನ್ನೂ ಜೊತೆಗೆ ಕೊಟ್ಟಳು.

ಸಂಗೀತಾಳಿಗೆ ಹೆಣ್ಣುಮಗು ಹುಟ್ಟಿತು. ಸ್ವಲ್ಪ ಸಣ್ಣದಾಗಿದ್ದರೂ ಗಟ್ಟಿಯಾಗಿತ್ತು. ಭುವನಾ ಎಂದು ಹೆಸರಿಟ್ಟರು.

ನಿಮ್ಮ ಮನೆಯಲ್ಲೂ ಬಾವಿ ಇರಬಹುದು, ತೊಟ್ಟಿ ಇರಬಹುದು, ಮುಚ್ಚಳವಿಲ್ಲದ ಡ್ರಂ ಇರಬಹುದು. ಇವತ್ತೇ ಹೋಗಿ ಇಣುಕಿ ನೋಡಿ. ಬಾವಿಗೆ ಮೀನು ಬೇಕೆಂದು ಆರೋಗ್ಯದವರನ್ನು ಕೇಳಿ. ತೊಟ್ಟಿ, ಡ್ರಂಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಿ, ಆಮೇಲೆ ತುಂಬಿ ಮುಚ್ಚಿಡಿ. ಚಳಿಜ್ವರ ಬಂದರೆ ಕಂಬಳಿ ಹೊದ್ದು ಕಾಯಬೇಡಿ. ಬಸುರಿಯರಿಗೆ ಬಂದರಂತೂ ಒಂದು ಗಳಿಗೆಯೂ ತಡಮಾಡಬೇಡಿ. ರೋಗದ ಗುಟ್ಟು ಹುಡುಕುತ್ತಾ ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಕೇಳಿದರೆ, ಏನು, ಏಕೆ ಎಂದು ನೀವೂ ಅವರನ್ನು ಕೇಳಿ ತಿಳಿದುಕೊಳ್ಳಿ. ಒಪ್ಪಿಗೆಯಾದರೆ ಅವರನ್ನು ಮೆಚ್ಚಿಸಲೆಂದು ಮಾತಾಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದು ಹನಿ ರಕ್ತ, ಒಂದು ನಿಜವಾದ ಮಾತು, ಎರಡನ್ನೂ ಧೈರ್ಯವಾಗಿ ಕೊಡಿ. ಮನೆಯಲ್ಲಿ ಈಗ ಯಾರಾದರೂ ನಡುಗುತ್ತಾ ಮಲಗಿದ್ದರೆ, ಈ ಹಾಳೆಯನ್ನು ಇಲ್ಲೇ ಇಟ್ಟು ಮೊದಲು ಅವರನ್ನು ಕರೆದುಕೊಂಡು ಹೊರಡಿ.