ಮರಳ ದಂಡೆಯ ಪಹರೆ

ಪಹರೆಯ ಉಳಿದ ಆರು ಜನ ಪೇದೆಗಳನ್ನೂ ಅವರ ಟ್ರಂಕುಗಳನ್ನೂ ಹೇರಿಕೊಂಡ ಪೊಲೀಸ್ ವ್ಯಾನು ಸೋಸಲೆ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕಮಾದು ಡೇರೆಯ ಮುಂದೆ ನಿಂತೇ ಇದ್ದ. "ಮುಂದಿನ ಆರ್ಡರ್ ಬರೋಗಂಟ ನೀನೊಬ್ಬ ಇರಪ್ಪ," ಎಂದು ಹೇಳಿ ಸಬ್ ಇನ್ಸ್‌ಪೆಕ್ಟರು ವ್ಯಾನು ಹತ್ತಿದ್ದರು.

ಅದು ತೊಂಬತ್ತೇಳರ ಬೇಸಿಗೆ. ಶಿವರಾತ್ರಿ ಕಳೆದ ವಾರ, ಕಾವೇರಿ ದಂಡೆಯಲ್ಲಿ ಮರಳು ತುಂಬುತ್ತಿದ್ದವರಿಗೆ ಎರಡು ಚಿನ್ನದ ನಾಣ್ಯ ಸಿಕ್ಕಿದ್ದವು. ಸುದ್ದಿ ಹಬ್ಬಿದ್ದೇ ತಡ, ಕೊಳ್ಳೇಗಾಲದಿಂದ, ನಂಜನಗೂಡಿನಿಂದ ಜನ ಜರಡಿ, ಗುದ್ದಲಿ ಹಿಡಿದು ಬಂದರು. ಇಡ್ಲಿ ಗಾಡಿಗಳೂ ಬಂದವು. ಆಳುದ್ದದ ಗುಂಡಿಗಳು ಬಿದ್ದ ಮೇಲೆ ಸರ್ಕಾರ ಏಳು ಜನರ ಪಹರೆ ಹಾಕಿ, ದಂಡೆಯುದ್ದಕ್ಕೂ ಹಗ್ಗ ಕಟ್ಟಿಸಿತು.

ಹಗ್ಗದ ಆಚೆ ಒಂದು ಮಧ್ಯಾಹ್ನ ಚಿಕ್ಕಮಾದುವಿನ ಊರಾದ ದೇವನೂರಿನ ಕರಿಯಯ್ಯ ಬಂದು ನಿಂತ. "ಒಂದ್ ಗಳಿಗೆ ಬುಡ್ಲಾ ಮಾದು, ನೋಡ್ಬುಟ್ಟು ಬಂದ್ಬುಡ್ತೀನಿ," ಎಂದ. ಚಿಕ್ಕಮಾದು ಹಗ್ಗ ಎತ್ತಿ, ಮುಖ ಬೇರೆಡೆಗೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿಗೆಲ್ಲ ಗುಂಡಿಯ ಅಂಚು ಕುಸಿದು ಕರಿಯಯ್ಯ ಮರಳಡಿ ಸಿಕ್ಕಿ ಸತ್ತಿದ್ದ. ಕಾವಲಿನವರ ಕಣ್ಣು ತಪ್ಪಿಸಿ ನುಗ್ಗಿದನೆಂದು ವರದಿ ತಯಾರಾಯಿತು. ಅದಕ್ಕೆ ಚಿಕ್ಕಮಾದುವೂ ಸಹಿ ಹಾಕಿದ.

ಹೆದರಿದ ಜನ ಚದುರಿಹೋದರು. ಮೂರನೆಯ ನಾಣ್ಯ ಯಾರಿಗೂ ಸಿಗಲಿಲ್ಲ.

ಒಬ್ಬನೇ ಆದ ಮೇಲೆ ದಿನಗಳು ಉದ್ದವಾದವು. ಒಂದೇ ಹೊತ್ತು ಬೇಯಿಸಿ ಎರಡು ಹೊತ್ತು ಉಣ್ಣುತ್ತಿದ್ದ. ಮಾತು ಮರೆತೀತೆಂದು ಎದುರಿನ ಹೊಳೆಗೇ ಏನಾದರೂ ಹೇಳುತ್ತಿದ್ದ. ರಜೆ ಸಿಕ್ಕರೂ ಊರಿಗೆ ಹೋಗಲಿಲ್ಲ. ಅವನ ಮನೆಗೆ ಕರಿಯಯ್ಯನ ಬಾಗಿಲು ದಾಟಿಯೇ ಹೋಗಬೇಕಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಕರಿಯಯ್ಯನ ಹೆಂಡತಿ ಗೋವಿಂದಮ್ಮ ತಾನೇ ಬಂದಳು. ಜಾಗ ತೋರಿಸೆಂದಳು. ಮುಚ್ಚಿಹೋದ ಗುಂಡಿಯ ಬಳಿ ಬಹಳ ಹೊತ್ತು ನಿಂತು, ಅವನ ಕಡೆ ತಿರುಗಿದಳು.

"ಕಳ್ಳನಂಗೆ ನುಗ್ಗಿ ಸತ್ತ ಅಂತಾರೆ ಊರಲ್ಲಿ. ಅವ್ರು ಯಾರ ಒಲಕ್ಕೂ ಕೇಳ್ದೆ ಕಾಲಿಟ್ಟೋರಲ್ಲ. ನೀನ್ ಇಲ್ಲೇ ಇದ್ದೆಯಲ್ಲ ಮಾದು, ನೀನೇ ಯೋಳಪ್ಪ."

"ನುಗ್ಲಿಲ್ಲ ಕಣತ್ಗೆ. ಕೇಳ್ದ. ನಾನೇ ಅಗ್ಗ ಎತ್ತಿ ಬುಟ್ಟೆ."

ಅವಳು ಅಳಲಿಲ್ಲ, ಬೈಯಲಿಲ್ಲ. "ಊರ್ಗೆ ಬಂದು ಇದ್ನೇ ಯೋಳ್ತೀಯಾ?"

"ಯೋಳ್ತೀನಿ. ಸಾಯೇಬ್ರಿಗೂ ಬರ್ದು ಕೊಡ್ತೀನಿ."

ಬರೆದುಕೊಟ್ಟ. ಹದಿನೈದು ದಿನಕ್ಕೆ ಅಮಾನತಿನ ಆದೇಶ ಬಂತು. ಪಹರೆ ವಹಿಸಿಕೊಳ್ಳಲು ಯಾರೂ ಬರಲಿಲ್ಲವಾಗಿ ಡೇರೆಯನ್ನು ತಾನೇ ಬಿಚ್ಚಿ, ಮಡಚಿ, ಠಾಣೆಗೆ ಒಪ್ಪಿಸಿ ದೇವನೂರಿನ ಬಸ್ಸು ಹಿಡಿದ.

ಟೀ ಅಂಗಡಿಯ ಮುಂದೆ, ಕರಿಯಯ್ಯನ ಅಣ್ಣತಮ್ಮಂದಿರೂ ಕೂತಿದ್ದಾಗ, ನಡೆದದ್ದನ್ನೆಲ್ಲ ಹೇಳಿದ. ಒಬ್ಬೊಬ್ಬರಾಗಿ ಎದ್ದು ಹೋದರು. ತನ್ನ ಮನೆಯ ಕಡೆ ಹೋಗಲು ಕಾಲು ಏಳದೆ ಅವನು ಮತ್ತೆ ರಸ್ತೆಗೆ ಬಂದು, ಬಸ್ಸು ನಿಲ್ಲುವಲ್ಲಿನ ಕಲ್ಲಿನ ಮೇಲೆ ಕುಳಿತ.

ಸ್ವಲ್ಪ ಹೊತ್ತಿಗೆ ಗೋವಿಂದಮ್ಮ ಬಂದು ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಕುಳಿತಳು. ಊರವರು ಹಾದುಹೋಗುತ್ತ ಇಬ್ಬರನ್ನೂ ನೋಡಿದರು. ಅವರು ನೋಡಿದರೂ ಅವಳು ಅಲ್ಲಿಂದ ಏಳಲಿಲ್ಲ. ಬಸ್ಸು ಬಂತು. ಅವನು ಹತ್ತಿದ. ಅವಳು ಸೆರಗು ಕೊಡವಿಕೊಂಡು ಎದ್ದು, ಊರ ಕಡೆ ನಡೆದಳು.