ಹನ್ನೆರಡು ಪಾಯಿಂಟ್ ನಾಲ್ಕು

ತ್ರಿಶಲಾ ಮೇಜಿನ ಮೂರನೆಯ ಡ್ರಾವರನ್ನು ಎಳೆದು ನೆಲಕ್ಕೆ ಬೋರಲು ಹಾಕಿದಳು. ಬಾಟಲಿಯ ಮುಚ್ಚಳ, ಹಳೆಯ ಪೆನ್ನು, ಅಪ್ಪನ ಒಡೆದ ಚಷ್ಮಾ ಉರುಳಿದವು. ಬೇಕಾದ ಕಾಗದ ಅಲ್ಲೂ ಇರಲಿಲ್ಲ. ಹೊರಗೆ ಅಂಗಳದಲ್ಲಿ ಅಪ್ಪನ ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದರು.

“ಏನ ಹುಡಕಾಕತ್ತೀಯವಾ? ಮಂದಿ ಕುಂತಾರ ಹೊರಗ,” ಬಾಗಿಲಲ್ಲಿ ನಿಂತು ಕೇಳಿದಳು ತಾಯಿ ಕಮಲಾಬಾಯಿ.

“ಅಪ್ಪ ಬರದಿಟ್ಟ ಹೇಳಿಕೆ. ನಾಳೆ ಬೆಳಗಾವ್ಯಾಗ ಅಪೀಲಿನ ವಿಚಾರಣೆ ಐತಿ.”

“ಹಾಕಿದವ್ರ ಹೋದ್ರು. ಇನ್ನೆಲ್ಲೀ ಅಪೀಲು?” ಕಮಲಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಆ ಕಾಗದ ಹುಡಕಬ್ಯಾಡ. ಅವರಿಗೆ ಜಳಕದ ನೀರು ಕಾಸಿದ್ನಲ್ಲ, ಅದ ಒಲಿಗೆ ಹಾಕೀನಿ. ಹೆಸರರ ಉಳೀಲಿ.”

ತ್ರಿಶಲಾ ನೆಲದ ಮೇಲೆ ಕುಳಿತಳು. ಅವ್ವನ ಮೇಲೆ ಸಿಟ್ಟು ಮಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಚಿಕ್ಕೋಡಿಯಲ್ಲಿ ಅವಳಪ್ಪ ಪಾರಿಸಣ್ಣನ ನೀರು ಪರೀಕ್ಷೆಯ ಲ್ಯಾಬು ಎಂದರೆ ಎರಡು ಕೋಣೆ, ಒಂದು ತಕ್ಕಡಿ, ಮೂವತ್ತೆಂಟು ವರ್ಷದ ಹೆಸರು. ಹೊಳೆದಂಡೆಯಲ್ಲಿದ್ದ ಅವನ ಹುಟ್ಟೂರಿನ ಮೋರಿ ನೇರ ಕೃಷ್ಣೆಗೆ ಬೀಳುತ್ತಿತ್ತು. ಆ ಹೊಲಸನ್ನು ತಡೆಯುವ ಶುದ್ಧೀಕರಣ ಘಟಕಕ್ಕೆ ನೀರು ಪರೀಕ್ಷಿಸಿ, ನಕ್ಷೆ ಮಾಡಿಕೊಡಲು ಸರಕಾರ ಟೆಂಡರ್ ಕರೆದಾಗ ಪಾರಿಸಣ್ಣ ಮಗಳನ್ನೂ ಪಾಲುದಾರಳಾಗಿ ಸೇರಿಸಿ ಅರ್ಜಿ ಹಾಕಿದ. ಕೆಲಸ ಹೊರಗಿನ ದೊಡ್ಡ ಕಂಪನಿಯೊಂದಕ್ಕೆ ಹೋಯಿತು. ಮೋರಿಯ ನೀರನ್ನು ತಾವೇ ಪರೀಕ್ಷಿಸಿದ್ದೇವೆಂದು ಕಂಪನಿ ಲಗತ್ತಿಸಿದ್ದ ವರದಿಗೆ ಪೂರ್ತಿ ಅಂಕ ಬಿದ್ದಿದ್ದವು. ಮಾಹಿತಿ ಹಕ್ಕಿನಲ್ಲಿ ಆ ವರದಿ ತರಿಸಿ ಓದಿದ ಪಾರಿಸಣ್ಣ ಮೊದಲು ನಕ್ಕ, ಆಮೇಲೆ ಎರಡು ದಿನ ಉಣ್ಣಲಿಲ್ಲ. ಒಂದು ಲೀಟರಿನಲ್ಲಿ ತೇಲುವ ಹೊಲಸು ಹನ್ನೆರಡು ಪಾಯಿಂಟ್ ನಾಲ್ಕು ಮಿಲಿಗ್ರಾಂ ಎಂದಿತ್ತು ಅದರಲ್ಲಿ.

ಆ ಅಂಕಿ ಅವನದು. ಅದರೊಳಗಿನ ತಪ್ಪೂ ಅವನದೇ.

*

ಹದಿನಾರು ವರ್ಷದ ಹಿಂದೆ ಆ ಮೋರಿಯ ಬಾಯಲ್ಲಿ ತ್ರಿಶಲಾಳೂ ಅಪ್ಪನ ಜೊತೆ ನಿಂತಿದ್ದಳು. ಯಾವುದೋ ಸರಕಾರಿ ಕಚೇರಿಗೆ ಆ ನೀರಿನ ವರದಿ ಬೇಕಿತ್ತು. ಅಪ್ಪ ಬಕೆಟ್ ಎತ್ತಿ “ಬಟ್ಟಿ ಹಿಡಿ” ಅಂದ. ಅವರ ಜೈನ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾವ ಪಾತ್ರೆಗೂ ತುಂಬುವುದಿಲ್ಲ. ಅವಳ ಕೈ ತಾನಾಗಿಯೇ ಎರಡು ಮಡಿಕೆಯ ಬಟ್ಟೆ ಹಿಡಿಯಿತು, ಅವನ ಕೈ ಸುರಿಯಿತು. ಬಾಟಲಿಗೆ ತಿಳಿನೀರು ಇಳಿಯಿತು. ಬಟ್ಟೆಯಲ್ಲುಳಿದ ಕರಿಯ ಕೆಸರನ್ನು ಅಪ್ಪ ಮೋರಿಗೇ ಬಾಗಿ ಮೆಲ್ಲಗೆ ತೊಳೆದುಬಿಟ್ಟ.

“ಇದರಾಗೂ ಜೀವ ಅದಾವವಾ. ಎಲ್ಲಿಂದ ತಗೊಂಡ್ವಿ, ಅಲ್ಲೇ ಬಿಡಬೇಕು.”

“ಗಟಾರದ ಹುಳಕ್ಕೂ ಮನಿ ಮುಟ್ಟಸ್ತಿ ಏನಪಾ?” ಅವಳು ಮೂಗು ಮುಚ್ಚಿಕೊಂಡೇ ನಕ್ಕಿದ್ದಳು.

ಹೊಲಸು ತೂಗಲು ಬಂದವರು ಹೊಲಸನ್ನೇ ಸೋಸಿ ತೆಗೆದಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ. ವರದಿಗೆ ಅಪ್ಪನ ಸಹಿ ಬಿತ್ತು. ಹೊಳೆ ಕಾಗದದ ಮೇಲೆ ಶುದ್ಧವಾದರೆ ಸಾಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಅಂಕಿ ಎಲ್ಲಿ ಸಿಕ್ಕೀತು? ಮೋರಿಗೆ ಕಾಲಿಡದ ಕಂಪನಿ ಅದನ್ನು ಆ ಕಚೇರಿಯ ಕಪಾಟಿನಿಂದ ಎತ್ತಿ ತನ್ನ ಬಣ್ಣದ ಹಾಳೆಗೆ ಇಳಿಸಿತು. ಈ ಬೇಸಿಗೆಯಲ್ಲಿ ಅಪ್ಪ ಸೋಸದೆ ತೂಗಿದಾಗ ಬಂದದ್ದು ಮುನ್ನೂರರ ಮೇಲೆ.

ಕೆಲಸ ಕಂಪನಿಗೆ ಕೊಟ್ಟದ್ದರ ವಿರುದ್ಧ ಅಪ್ಪ ಅಪೀಲು ಹಾಕಿದ. ಮೊದಲ ವಿಚಾರಣೆಯಲ್ಲಿ ಕಂಪನಿಯ ವಕೀಲ, “ನಿಮ್ಮ ಹಳೇ ವರದ್ಯಾಗೂ ಇದ ಅಂಕಿ ಐತೆಲ್ರಿ ಅಣ್ಣಾರ? ಅಂದ್ರ ನಮ್ಮದು ಖರೇ ಅಂತ ನೀವ ಸಹಿ ಮಾಡೀರಿ!” ಎಂದಾಗ ಕೋಣೆಯೆಲ್ಲ ನಕ್ಕಿತು. ನಾನು ತಪ್ಪು ಮಾಡಿದ್ದೆ, ಇವರು ಆ ತಪ್ಪನ್ನೇ ಕದ್ದಿದ್ದಾರೆ ಎಂದು ಬರೆದುಕೊಡುವುದೊಂದೇ ಅಪ್ಪನಿಗೆ ಉಳಿದ ದಾರಿ. ಬರೆದ. ಮೂರು ವಾರ ಸಹಿ ಹಾಕಲಾಗಲಿಲ್ಲ. ನಿನ್ನೆ ಸಂಜೆ ಲ್ಯಾಬಿನ ಖುರ್ಚಿಯಲ್ಲೇ ಅವನ ಎದೆಬಡಿತ ನಿಂತಿತು.

*

ಶವದ ಗಾಡಿ ಅಂಕಲಿ ಊರು ದಾಟಿ ಹುಟ್ಟೂರ ಹೊಳೆದಂಡೆ ಮುಟ್ಟಿದಾಗ ಮಧ್ಯಾಹ್ನ ಮೂರು. ಪಾರಿಸಣ್ಣನ ತಮ್ಮ ವೃಷಭ ಬೆಂಕಿ ಇಟ್ಟ. ಜನ ಜಾಲಿಯ ನೆರಳಿಗೆ ಸರಿದು ಕುಳಿತರು.

“ನಮ್ಮ ಬಾಂವಿ ನೀರು ನೋಡಿ, ಎಮ್ಮಿಗೂ ಕುಡಸಬ್ಯಾಡ ಅಂದಿದ್ದ ಪಾರಿಸಣ್ಣ,” ಅಂದ ಮುದುಕ ಬಾಳಾಸಾಬ.

“ಮತ್ತ ನೀ ಏನ ಮಾಡಿದಿ?” ಪಕ್ಕದ ಮಹಾದೇವ ಕೇಳಿದ.

“ಎಮ್ಮಿಗೆ ಕುಡಸಲಿಲ್ಲ. ನಾ ಕುಡದೆ.”

ನಗಬಾರದ ಜಾಗದಲ್ಲಿ ನಾಲ್ಕು ಜನ ನಕ್ಕರು. ತ್ರಿಶಲಾಳೂ ಮುಖ ಆಚೆ ತಿರುಗಿಸಿ ನಕ್ಕಳು.

ಕಂಪನಿಯ ಇಲ್ಲಿನ ಕೆಲಸ ನೋಡುವ ಸುರಜ ದೊಡ್ಡ ಹಾರ ತಂದಿದ್ದ. ಬೆಂಕಿ ಇಡುವ ಮೊದಲೇ ಅದನ್ನು ಶವಕ್ಕೆ ಹಾಕಿದ್ದ. ಈಗ ಬಂದು ತ್ರಿಶಲಾಳ ಪಕ್ಕ ನಿಂತ.

“ದುಃಖದಾಗ ಕೇಳಬಾರದ್ರಿ ಅಕ್ಕಾರ. ಅಪೀಲು ವಾಪಸ್ ತಗೋತೀವಿ ಅಂತ ಇಲ್ಲಿ ಟೈಪ್ ಮಾಡಿಸೇನಿ. ಪಾಲುದಾರ್ರು ನೀವು, ಒಂದು ಸಹಿ ಹಾಕ್ರಿ. ಮುಂದಿನ ಪರೀಕ್ಷೆಗೋಳು ನಿಮ್ಮ ಲ್ಯಾಬಿಗೇ ಬರೂಹಂಗ ಮಾಡ್ತೀನಿ. ಹೊಳಿ ನೀರೂ ಅಷ್ಟೇನ ಕೆಟ್ಟಿಲ್ರಿ, ರಿಪೋರ್ಟ್ ನೋಡೀರಲ್ಲ.”

“ಹಾಕವಾ,” ವೃಷಭ ಮೆಲ್ಲಗೆ ಅಂದ. “ನಮ್ಮಣ್ಣ ಸತ್ತಾನ. ಅವನ ತಪ್ಪ ಮಂದೀ ಮುಂದ ಹರವಬ್ಯಾಡ. ನಾಳೆ ಆ ಲ್ಯಾಬಿನ ಕಾಗದ ಯಾರು ನಂಬ್ತಾರ?”

ತ್ರಿಶಲಾ ಪೆನ್ನು ತೆಗೆದುಕೊಂಡಳು. ಒಂದು ಗೀಟು ಎಳೆದು, ಮನೆಗೆ ಹೋಗಿ, ಮಲಗಿಬಿಡಬೇಕೆನಿಸಿತು. ಅಪ್ಪನ ಕಾಗದವಂತೂ ಬೂದಿಯಾಗಿತ್ತು. ಅದರ ಒಂದೊಂದೇ ಸಾಲನ್ನು ನೆನೆಯಲು ಹೋದವಳಿಗೆ ನೆನಪಾದದ್ದು ಅಕ್ಷರವಲ್ಲ, ಒದ್ದೆ ಬಟ್ಟೆಯ ಭಾರ.

ಪೆನ್ನನ್ನು ಸುರಜನ ಕೈಗೆ ತಿರುಗಿಸಿದಳು.

“ತಪ್ಪು ಅಪ್ಪಂದೊಂದ ಅಲ್ಲ ಕಾಕಾ. ಬಟ್ಟಿ ಹಿಡದಾಕಿ ನಾನು. ನಾಳೆ ನಾನ ಹೋಗಿ ಹೇಳ್ತೀನಿ.”

“ಲ್ಯಾಬ್ ಮುಚ್ಚಬೇಕಾಕ್ಕೈತಿ,” ಅಂದ ವೃಷಭ.

“ಮುಚ್ಚೂಣು. ಆ ಅಂಕಿ ಹಿಡಕೊಂಡು ಕಟ್ಟಿದ್ರ ಘಟಕ ನಮ್ಮ ಬಚ್ಚಲದಷ್ಟ ಆಕ್ಕೈತಿ. ಹೊಲಸು ಇದ ಹೊಳಿಗೆ ಹರೀತೈತಿ.”

ಸುರಜ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

ಚಿತೆ ತಗ್ಗಿತು. ಸುಡಲು ಬಂದವರು ಹೊಳೆಯಲ್ಲಿ ಕೈಕಾಲು ತೊಳೆದೇ ಮನೆಗೆ ತಿರುಗಬೇಕು. ಹತ್ತೇ ಹೆಜ್ಜೆಯಲ್ಲಿ ನೀರಿತ್ತು, ಮೋರಿ ಬೀಳುವಲ್ಲಿಂದ ತುಸು ಕೆಳಗೆ. ಅಲ್ಲಿಗೆ ಯಾರೂ ಇಳಿಯಲಿಲ್ಲ. ಬಾಳಾಸಾಬ ಧೋತರ ಎತ್ತಿಕೊಂಡು ಹೊಳೆಯ ಮೇಲ್ಗಡೆಗೆ ನಡೆದ. ಅವನ ಹಿಂದೆ ಮಹಾದೇವ, ವೃಷಭ, ಬಂದವರೆಲ್ಲ, ಮುಳ್ಳುಕಂಟಿಯ ಕಾಲುದಾರಿಯಲ್ಲಿ ಮೋರಿ ದಾಟಿ ದೂರ ಹೋದರು. ಎಲ್ಲರ ಕೊನೆಗೆ ಸುರಜ. ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಬೂಟುಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮೋರಿಯ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹುಡುಕುತ್ತಿದ್ದ.