ಮಂಡಿಯ ಲಕೋಟೆಗಳು

"ಕೇಳ್ದೆ, ಕೊಟ್ಬಿಟ್ರು ಕಣಕ್ಕಾ!" ಎಂದು ವಿದ್ಯಾಶ್ರೀ ಲಕೋಟೆಗಳ ಕಂತೆಯನ್ನು ಮಂಚದ ಮೇಲೆ ಎಸೆದಳು.

ಸುಮನಾ ಕಂತೆಯ ಮೇಲೆ ಬಗ್ಗಿದಳು. ಕಡೂರಿನ ಶಿವಮೂರ್ತಪ್ಪನವರ ಕೊಬ್ಬರಿ ಮಂಡಿಯಲ್ಲಿ, ಅವರ ತಾತನ ಕಾಲದಿಂದ ಸೂರಿನ ಕೊಕ್ಕೆತಂತಿಗೆ ಚುಚ್ಚಿ ನೇತುಹಾಕಿದ್ದ ಕಾಗದಗಳು ಅವು. ಒಂದೊಂದರ ನಡುವೆಯೂ ತಂತಿ ತೂರಿದ ತೂತು. ನಾಲ್ಕು ವರ್ಷದಿಂದ ಅಜ್ಜಂಪುರದಲ್ಲಿ ಬಸ್ಸು ಹತ್ತಿ ಹೋಗಿ, ಮಂಡಿಯ ಬಾಗಿಲಲ್ಲಿ ನಿಂತು, ಆ ಕೊಕ್ಕೆಯನ್ನು ಕಣ್ತುಂಬ ನೋಡಿ ಬರುತ್ತಿದ್ದವಳು ಅವಳು. ಕೇಳಬೇಕೆಂದುಕೊಂಡ ಮಾತು ಪ್ರತಿಸಲವೂ ಗಂಟಲಲ್ಲೇ ಉಳಿದು, ಕಾಲು ಕೇಜಿ ಕೊಬ್ಬರಿ ಕೊಂಡು ಹಿಂತಿರುಗುತ್ತಿದ್ದಳು. ಈ ಚಿಕ್ಕಪ್ಪನ ಮಗಳಿಗಾದರೋ, ಸುಮನಾಳ ಆಲ್ಬಂ ನೋಡಿ ಅಂಚೆಚೀಟಿಯ ಹುಚ್ಚು ಹತ್ತಿ ಎರಡು ತಿಂಗಳಾಗಿತ್ತು ಅಷ್ಟೆ.

"ಏನಂದ್ರು?"

"'ಯಾರ ಮಗಳವ್ವಾ' ಅಂದ್ರು. ಟೀ ಕುಡ್ಸಿದ್ರು. 'ನಿಮ್ಮೂರಿಂದ ಇನ್ನೊಂದು ಹುಡುಗಿ ಬತ್ತದೆ, ಸೂರು ನೋಡ್ಕಂಡು ನಿಂತ್ಕಂತದೆ. ಮೂಗಿ ಇರ್ಬೇಕು ಪಾಪ' ಅಂದ್ರು. ಯಾರಕ್ಕಾ ಅದು?" ವಿದ್ಯಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸುಮನಾ ತಲೆ ತಗ್ಗಿಸಿ ಮೇಲಿನ ಲಕೋಟೆಯನ್ನು ಬಿಡಿಸಿದಳು. ತರೀಕೆರೆಯಿಂದ ಬಂದದ್ದು. ಲಕೋಟೆಯ ಒಳಮೈಯಲ್ಲೇ ಬರೆದಿದ್ದರು: 'ಊರಿಗೆ ಪ್ಲೇಗು ಬಂದಿದೆ. ಎಲ್ಲರೂ ತೋಪಿನಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆ. ಸದ್ಯ ಕೊಬ್ಬರಿ ಕಳಿಸಬೇಡಿ, ಕೊಳ್ಳುವವರೇ ಪೇಟೆಯಲ್ಲಿಲ್ಲ.' ಹೊರಗೆ ಅಂಚೆಯ ದುಂಡುಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ವಿದ್ಯಾಶ್ರೀ ಬಚ್ಚಲಿನಿಂದ ಬೋಗುಣಿಯಲ್ಲಿ ನೀರು ತಂದಿಟ್ಟಳು. "ಚೀಟಿ ಬಿಡಿಸ್ಕಂಡ್ಬಿಡ್ತೀನಿ. ಮುಂದಿನ ತಿಂಗಳು ಲೈಬ್ರರೀಲಿ ಪ್ರದರ್ಶನಕ್ಕೆ ಇಡ್ಬೇಕು. ನೀನೂ ಹಿಂಗೇ ನೆನೆಹಾಕಿದ್ದು ತಾನೆ?"

ನೆನೆಹಾಕಿದ್ದು ನಿಜ, ಆದರೆ ಅವು ಮೊನ್ನೆಮೊನ್ನೆಯ ಚೀಟಿಗಳು. ಇಂಥ ಹಳೆಯ ಲಕೋಟೆಗಳನ್ನು ನೀರಿಗೆ ಹಾಕಬಾರದು, ಚೀಟಿ, ಮುದ್ರೆ, ವಿಳಾಸ ಮೂರೂ ಕೂಡಿದ್ದರೇ ಅದಕ್ಕೆ ಊರು ಎಂಬುದೊಂದು, ಬೆಲೆ ಎಂಬುದೊಂದು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಈ ಸಲ ಮಾತು ಗಂಟಲಲ್ಲಿ ಸಿಕ್ಕಿಕೊಂಡಿರಲಿಲ್ಲ. ನಾಲಿಗೆಯ ತುದಿಗೇ ಬಂದು ಕೂತಿತ್ತು.

"ಹೂಂ," ಎಂದಳು. "ನೀರು ಇನ್ನೊಂಚೂರು ಬಿಸಿ ಇದ್ರೆ ಒಳ್ಳೇದು."

ಒಂದೊಂದೇ ಲಕೋಟೆ ನೀರಿಗಿಳಿಯಿತು. ಅಕ್ಷರಗಳು ಮೊದಲು ದಪ್ಪಗಾದವು, ಆಮೇಲೆ ಎಳೆಯೆಳೆಯಾಗಿ ಬಿಟ್ಟುಕೊಂಡವು.

"ಎಷ್ಟು ಸಲೀಸಾಗಿ ಬತ್ತಾವೆ ನೋಡಕ್ಕಾ! ನಿನ್ ಕೈಲಿರೋದನ್ನೂ ಹಾಕು ಮತ್ತೆ."

ಸುಮನಾ ಒಂದು ಗಳಿಗೆ ತಡೆದಳು. ಲೈಬ್ರರಿಯ ಗಾಜಿನ ಕೆಳಗೆ ತರೀಕೆರೆಯ ಆ ಲಕೋಟೆ, ಅದರ ಪಕ್ಕದಲ್ಲಿ ವಿದ್ಯಾಶ್ರೀಯ ಹೆಸರು ಕಣ್ಣ ಮುಂದೆ ಬಂತು. ಲಕೋಟೆಯನ್ನು ತಾನೇ ನೀರಿನಲ್ಲಿ ಅದುಮಿ ಹಿಡಿದಳು. ಚೀಟಿ ಮೆಲ್ಲಗೆ ಮೇಲೆ ತೇಲಿತು, ಅದರ ಜೊತೆ ಅರ್ಧ ಮುದ್ರೆ.

ವಿದ್ಯಾಶ್ರೀ ಚೀಟಿಗಳನ್ನು ಪೇಪರಿನ ಮೇಲೆ ಸಾಲಾಗಿ ಒಣಹಾಕುತ್ತಿದ್ದಾಗ ಸುಮನಾ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕರಿಬೇವಿನ ಬುಡಕ್ಕೆ ಸುರಿದಳು. ಮಣ್ಣು ತುಸು ಹೊತ್ತು ನೀಲಿಯಾಗಿದ್ದು, ಹೀರಿಕೊಂಡಿತು.